ವೆನಿಸ್ ನಗರದಲ್ಲಿ ದಾರಿಯನ್ನು ಓದುವ ಬಗೆ

ಈ ಸಂಚಿಕೆಗಾಗಿ ನನ್ನ ಪ್ರವಾಸದ ಅನುಭವವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಅರಮನೆಗಳ ವರ್ಣನೆಗಿಂತ ಆ ಊರಿನಲ್ಲಿ ನಡೆದಾಡುವ ಕ್ರಮವನ್ನು ಹೇಳುವುದೇ ಉಪಯುಕ್ತವೆಂದು ತೋರಿತು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಉದ್ಯೋಗನಿಮಿತ್ತ ಯೂರೋಪಿಗೆ ಹೋಗುತ್ತಾರೆ, ತಂದೆತಾಯಿಗಳನ್ನೂ ಕರೆಸಿಕೊಳ್ಳುತ್ತಾರೆ. ನಾನೂ ನನ್ನ ಪತ್ನಿಯೂ 2023ರ ಅಕ್ಟೋಬರಿನಲ್ಲಿ ವೆನಿಸ್ಸಿಗೆ ಹೋದದ್ದು ಹಾಗೆಯೇ.

ಸುಮಾರು 118 ಸಣ್ಣ ದ್ವೀಪಗಳ ಮೇಲೆ ನಿಂತಿರುವ ಈ ನಗರದಲ್ಲಿ 400ಕ್ಕೂ ಮಿಗಿಲಾದ ಸೇತುವೆಗಳಿವೆ. 1846ರಲ್ಲಿ ರೈಲಿನ ಸೇತುವೆಯೂ 1933ರಲ್ಲಿ ರಸ್ತೆಯ ಸೇತುವೆಯೂ ಅದನ್ನು ನೆಲಕ್ಕೆ ಜೋಡಿಸಿದವು. ಆದರೆ ಪಿಯಾತ್ಸಾಲೆ ರೋಮಾ ಎಂಬ ಚೌಕದಲ್ಲಿಯೇ ಮೋಟಾರುಗಳ ಆಟ ಮುಗಿಯಿತು. ಅಲ್ಲಿಂದ ಮುಂದೆ ಕಾಲ್ನಡಿಗೆ, ಇಲ್ಲವೇ ದೋಣಿ. ಸೇತುವೆಗಳಲ್ಲಿ ಬಹುಪಾಲಿಗೆ ಮೆಟ್ಟಿಲುಗಳಿರುವುದರಿಂದ ಗಾಲಿಯ ಪೆಟ್ಟಿಗೆ ಒಯ್ದವನು ಅದನ್ನು ಹೊತ್ತೇ ನಡೆಯಬೇಕು. ಮಂಡಿನೋವಿರುವವರು ಇದನ್ನು ಮೊದಲೇ ಅರಿತಿರತಕ್ಕದ್ದು.

ಇನ್ನು ವಿಳಾಸದ ವಿಷಯ. ನಗರವನ್ನು ಆರು ಪಾಲು ಮಾಡಿ, ಪ್ರತಿಯೊಂದನ್ನೂ ಸೆಸ್ತಿಯೆರೆ, ಅಂದರೆ ಷಷ್ಠಾಂಶ, ಎಂದು ಕರೆದಿದ್ದಾರೆ: ಕನ್ನಾರೆಜೊ, ಕಾಸ್ತೆಲ್ಲೊ, ಸಾನ್ ಮಾರ್ಕೊ, ಸಾನ್ ಪೋಲೊ, ಸಾಂತಾ ಕ್ರೋಚೆ, ದೋರ್ಸೊದೂರೊ. ಮನೆಯ ಅಂಕಿಗಳು ಬೀದಿಯಿಂದ ಬೀದಿಗೆ ಹೊಸದಾಗಿ ಆರಂಭವಾಗುವುದಿಲ್ಲ. ಇಡೀ ಪಾಲಿಗೆ ಒಂದೇ ಸರಣಿ. ಕಾಸ್ತೆಲ್ಲೊದಲ್ಲಿ ಅದು 6,000ವನ್ನು ದಾಟುತ್ತದೆ. ಆದಕಾರಣ ಪಾಲಿನ ಹೆಸರೂ ಅಂಕಿಯೂ ಸೇರಿದರೆ ವಿಳಾಸ ಪೂರ್ಣ. ಬೀದಿಯ ಹೆಸರು ಕೇವಲ ವಿಶೇಷಣ. ನಾನಾದರೋ ನಮ್ಮೂರಿನ ರೂಢಿಯಂತೆ ಬೀದಿಯ ಹೆಸರನ್ನೂ ಅಂಕಿಯನ್ನೂ ಬರೆದುಕೊಂಡು, ಅನಾವಶ್ಯಕವೆಂದು ತೋರಿದ 'ಕಾಸ್ತೆಲ್ಲೊ' ಎಂಬ ಪದವನ್ನು ಕೈಬಿಟ್ಟಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ವಿಶೇಷಣ, ವಿಶೇಷ್ಯಗಳ ಭೇದವನ್ನು ಬೋಧಿಸಿದವನು ಮಾಡಿದ ಕೆಲಸವಿದು.

ನಾವು ತಂಗಬೇಕಾಗಿದ್ದ ಬೀದಿ ಕಾಲೆ ದೆಲ್ ಫೋರ್ನೊ, ಎಂದರೆ ಒಲೆಯ ಓಣಿ. ರೊಟ್ಟಿ ಸುಡುವ ಒಲೆ ಹಿಂದೆ ಯಾವ ಕೇರಿಯಲ್ಲಿ ಇರಲಿಲ್ಲ? ಆ ಹೆಸರಿನ ಓಣಿಗಳು ನಗರದಲ್ಲಿ ಹಲವಾರು. ರಾತ್ರಿ ಎಂಟರ ಹೊತ್ತಿಗೆ ಸಣ್ಣ ಮಳೆಯಲ್ಲಿ ಅವುಗಳಲ್ಲೊಂದನ್ನು ಹುಡುಕಿ ತಲುಪಿದೆವು; ನಮ್ಮ ಅಂಕಿ ಅಲ್ಲಿರಲಿಲ್ಲ. ಕೈಯಲ್ಲಿದ್ದ ದೂರವಾಣಿಯ ನಕ್ಷೆಯೂ ಆ ಇಕ್ಕಟ್ಟಾದ ಗೋಡೆಗಳ ನಡುವೆ ನಮ್ಮನ್ನು ಒಮ್ಮೆ ಈ ದಡದಲ್ಲಿ, ಒಮ್ಮೆ ಆ ದಡದಲ್ಲಿ ತೋರಿಸಿ, ಕಡೆಗೆ ಆರಿಹೋಯಿತು. ಒಂಬತ್ತನೆಯ ಸೇತುವೆಯ ಬುಡದಲ್ಲಿ ನನ್ನಾಕೆ ಗೋಡೆ ಹಿಡಿದು ನಿಂತು, "ಇನ್ನೊಂದು ಮೆಟ್ಟಿಲು ನನ್ನಿಂದ ಆಗದು" ಎಂದಳು. ಆ ಮಾತಿನಲ್ಲಿ ಕೋಪವಿರಲಿಲ್ಲ. ಅದೇ ನನಗೆ ಹೆಚ್ಚು ಭಯವನ್ನುಂಟುಮಾಡಿತು.

ಅಂಗಡಿ ಮುಚ್ಚುತ್ತಿದ್ದ ಒಬ್ಬ ವೃದ್ಧೆಗೆ ಚೀಟಿಯನ್ನು ತೋರಿಸಿದೆ. ಆಕೆ "ಸೆಸ್ತಿಯೆರೆ?" ಎಂದಳು. ನಾನು ಓಣಿಯ ಹೆಸರನ್ನು ಹೇಳಿದೆ. ಆಕೆ ಪುನಃ ಅದನ್ನೇ ಕೇಳಿದಳು; ನಾನೂ ಪುನಃ ಅದನ್ನೇ ಹೇಳಿದೆ. ಕೊನೆಗೆ ರೊಟ್ಟಿ ಕಟ್ಟುವ ಕಾಗದದ ಮೇಲೆ ಆರು ಹೆಸರುಗಳನ್ನೂ ಬರೆದು ನನ್ನ ಮುಂದಿಟ್ಟಳು. ಕಾಸ್ತೆಲ್ಲೊ ಎಂಬುದನ್ನು ಕಂಡೊಡನೆ ಬಿಟ್ಟ ಪದ ನೆನಪಾಯಿತು. ನನ್ನಾಕೆಯ ಕಾಲನ್ನು ನೋಡಿ, ಸೇತುವೆಗಳ ದಾರಿ ಬೇಡವೆಂದು ಕೈಸನ್ನೆ ಮಾಡಿ, ಸಮೀಪದ ದೋಣಿಗಟ್ಟೆಯವರೆಗೆ ತಾನೇ ಬಂದು ಒಂದನೆಯ ಅಂಕಿಯ ದೋಣಿಯನ್ನು ಹತ್ತಿಸಿ ಕಳುಹಿಸಿದಳು. ಸಾನ್ ಜಕ್ಕರಿಯಾ ಕಟ್ಟೆಯಲ್ಲಿಳಿದು ಅಂಕಿಯನ್ನು ಹಿಡಿದು ನಡೆದೆವು; ಮನೆ ಸಿಕ್ಕಿತು.

ಮರುದಿನದಿಂದ ನಾನು ಗೋಡೆಗಳನ್ನು ಓದಲು ಕುಳಿತೆನೆಂದೇ ಹೇಳಬೇಕು. ಬಿಳಿಯ ಸುಣ್ಣದ ಚೌಕದೊಳಗೆ ಕರಿಯ ಅಕ್ಷರಗಳಲ್ಲಿ ಬರೆದ ಬೀದಿಯ ಹೆಸರುಗಳಿಗೆ ಆ ಜನರು ನಿಜಿಯೊಲೆತಿ, ಅಂದರೆ ಪುಟ್ಟ ಹಾಸುಬಟ್ಟೆಗಳು, ಎನ್ನುತ್ತಾರೆ. ಅವುಗಳಲ್ಲಿ ಕಾಲೆ ಎಂದರೆ ಓಣಿ; ಇದು ಲ್ಯಾಟಿನ್ನಿನ ಕಾಲುದಾರಿಯ ಶಬ್ದದಿಂದ ಬಂದದ್ದು. ರಿಯೊ ಎಂದರೆ ಕಾಲುವೆ. ರಿಯೊ ತೆರಾ ಎಂದರೆ ಮಣ್ಣು ತುಂಬಿ ಮುಚ್ಚಿದ ಕಾಲುವೆ. ಹೀಗೆ ಒಂದು ಹೆಸರೇ ಆ ನೆಲದ ಇತಿಹಾಸವನ್ನು ಹೇಳಿಬಿಡುತ್ತದೆ. ಫೊಂದಮೆಂತಾ ನೀರಿನ ಅಂಚಿನ ಕಲ್ಲುಹಾದಿ. ಸೊತೊಪೊರ್ತೆಗೊ ಮನೆಯ ಕೆಳಗೆ ನುಸುಳುವ ದಾರಿ. ಫ್ರೆತ್ಸೆರಿಯಾ ಬಾಣ ಮಾಡುವವರ ಬೀದಿಯಾಗಿತ್ತು. ಚರ್ಚಿನೆದುರಿನ ಬಯಲಿಗೆ ಕಾಂಪೊ, ಎಂದರೆ ಹೊಲ, ಎಂದು ಹೆಸರು. ಪಿಯಾತ್ಸಾ ಎಂಬ ಗೌರವ ಸಾನ್ ಮಾರ್ಕೊ ಚೌಕವೊಂದಕ್ಕೇ ಸಲ್ಲುತ್ತದೆ. ಕಾಂಪೊದ ನಡುವೆ ಕಾಣುವ ಕಲ್ಲಿನ ಬಾವಿಕಟ್ಟೆಗಳು ನಿಜವಾದ ಬಾವಿಗಳಲ್ಲ. ಸುತ್ತಲೂ ಜಿಗುಟು ಮಣ್ಣು ಮೆತ್ತಿ, ಒಳಗೆ ಮರಳು ತುಂಬಿ, ಮಳೆನೀರನ್ನು ಸೋಸಿ ಕೂಡಿಡುತ್ತಿದ್ದ ತೊಟ್ಟಿಗಳು. 1884ರಲ್ಲಿ ನೆಲದ ಕಡೆಯಿಂದ ನೀರು ಬರುವವರೆಗೂ ಸಮುದ್ರದ ನಡುವಿನ ಜನ ಇವುಗಳನ್ನೇ ನಂಬಿದ್ದರು.

ನಕ್ಷೆಯಲ್ಲಿ ಒಂದು ಹೆಸರು, ಗೋಡೆಯ ಮೇಲೆ ಇನ್ನೊಂದು ಇರುವುದೂ ಉಂಟು. ಸಾಂತಿ ಜೊವಾನ್ನಿ ಎ ಪಾವೊಲೊ ಎಂಬ ಚರ್ಚನ್ನು ಊರಿನವರು ಸಾನ್ ಜಾನಿಪೊಲೊ ಎನ್ನುತ್ತಾರೆ. ಇಬ್ಬರು ಸಂತರ ಹೆಸರು ಬೆಸೆದು ಒಂದಾದ ಈ ರೂಪವನ್ನು ಕಂಡಾಗ ನಮ್ಮ ಸಂಧಿಪ್ರಕರಣಕ್ಕೆ ಅಲ್ಲಿಯೂ ನೆಂಟರಿದ್ದಾರೆಂದು ಒಬ್ಬನೇ ನಕ್ಕೆ. ಈ ವರ್ತಕರ ಊರಿಗೂ ನಮಗೂ ಹಳೆಯ ಪರಿಚಯವುಂಟು. ಸುಮಾರು 1420ರಲ್ಲಿ ವಿಜಯನಗರವನ್ನು ಕಂಡು ಅದರ ಸುತ್ತಳತೆ 60 ಮೈಲಿಯೆಂದು ಹೇಳಿದ ನಿಕೊಲೊ ದೆ ಕೊಂತಿ ವೆನಿಸ್ಸಿನ ವ್ಯಾಪಾರಿ.

ದೋಣಿಯ ವಿಚಾರವಾಗಿ ಸ್ವಲ್ಪ. ತಲೆಕೆಳಗಾದ ಎಸ್ ಅಕ್ಷರದಂತೆ ಹರಿಯುವ ಮಹಾಕಾಲುವೆಗೆ ನಾಲ್ಕೇ ಸೇತುವೆಗಳು; ಅವುಗಳಲ್ಲಿ ರಿಯಾಲ್ತೊ 1591ರದು, ಕೊನೆಯದು 2008ರದು. 1881ರಲ್ಲಿ ಉಗಿಯಿಂದ ಆರಂಭವಾದ ಸಾರ್ವಜನಿಕ ದೋಣಿಗೆ ಉಗಿ ಹೋದ ಮೇಲೂ ವಪೊರೆತ್ತೊ ಎಂಬ ಹೆಸರು ಉಳಿದಿದೆ. ಹತ್ತುವ ಮುನ್ನ ಟಿಕೇಟನ್ನು ಕಟ್ಟೆಯ ಯಂತ್ರಕ್ಕೆ ತೋರಿಸಬೇಕು. ದೋಣಿ ಯಾವ ದಿಕ್ಕಿಗೆಂಬುದನ್ನೂ ನೋಡಿಕೊಳ್ಳಬೇಕು. ಸೇತುವೆಗಳಿಲ್ಲದೆಡೆ ದಾಟಿಸುವ ತ್ರಗೆತ್ತೊ ಎಂಬ ಗೊಂದೊಲಾದಲ್ಲಿ ಊರಿನವರು ನಿಂತೇ ದಾಟುತ್ತಾರೆ. ನಾವು ಕುಳಿತೆವು.

ಶರತ್ಕಾಲದಲ್ಲಿ ಉಬ್ಬರದ ನೀರು ಬೀದಿಗೆ ನುಗ್ಗುವುದುಂಟು. 1966ರ ನವೆಂಬರ್ 4ರಂದು 194 ಸೆಂಟಿಮೀಟರ್, 2019ರ ನವೆಂಬರ್ 12ರಂದು 187 ಸೆಂಟಿಮೀಟರ್ ಏರಿತ್ತು. 2020ರ ಅಕ್ಟೋಬರಿನಿಂದ ಸಮುದ್ರದ ಮೂರು ಬಾಯಿಗಳಲ್ಲಿ 78 ಕದಗಳನ್ನು ಎಬ್ಬಿಸಿ ದೊಡ್ಡ ಉಬ್ಬರಗಳನ್ನು ತಡೆಯುತ್ತಿದ್ದಾರೆ. ಹಾಗಿದ್ದರೂ ತಗ್ಗಾದ ಸಾನ್ ಮಾರ್ಕೊದಲ್ಲಿ ಹಲಗೆಯ ದಾರಿಗಳನ್ನು ಜೋಡಿಸಬೇಕಾದ ದಿನಗಳು ಬರುತ್ತವೆ. ಅವುಗಳ ಮೇಲೆ ಫೋಟೋಕ್ಕಾಗಿ ನಿಲ್ಲುವುದು ಹಿಂದಿನವರಿಗೆ ಮಾಡುವ ಅಪಚಾರ. 2024ರಲ್ಲಿ, ಅಲ್ಲಿ ತಂಗದೆ ಹಗಲಿಗೆ ಮಾತ್ರ ಬಂದುಹೋಗುವವರ ಮೇಲೆ ಕೆಲವು ದಿನಗಳ ಮಟ್ಟಿಗೆ ಪ್ರವೇಶಶುಲ್ಕವನ್ನು ವಿಧಿಸಲು ತೊಡಗಿದರು. 1951ರಲ್ಲಿ ಸುಮಾರು 1,75,000 ಜನರಿದ್ದ ಹಳೆಯ ನಗರದಲ್ಲಿ ಈಗ 50,000 ಮಂದಿಯೂ ಇಲ್ಲವೆಂದ ಮೇಲೆ ಆ ಶುಲ್ಕದ ಬಗ್ಗೆ ಗೊಣಗಲು ನನಗೆ ಮನಸ್ಸಾಗಲಿಲ್ಲ.

ಹೊರಡುವ ದಿನ ಆ ವೃದ್ಧೆಯ ಅಂಗಡಿಯನ್ನು ಹುಡುಕಿಕೊಂಡು ಹೋದೆವು. ಎರಡು ಗಂಟೆ ಸುತ್ತಿದರೂ ಸಿಗಲಿಲ್ಲ. ಆ ರಾತ್ರಿ ನಿಂತಿದ್ದ ಓಣಿಯ ಹೆಸರನ್ನು ನಾನು ಓದಿಕೊಂಡಿರಲೇ ಇಲ್ಲ. ರೊಟ್ಟಿಯ ಕಾಗದ ಮಾತ್ರ ನನ್ನಾಕೆಯ ಕೈಚೀಲದಲ್ಲಿದೆ.