‘ಕೆಱೆ’ ಮತ್ತು ‘ಪೞೆ’: ಎರಡು ಲುಪ್ತಾಕ್ಷರಗಳನ್ನು ಕುರಿತು

ಅರಸೀಕೆರೆ, ಹಳೇಬೀಡು ಎಂಬ ನೆರೆಹೊರೆಯ ಎರಡು ಸ್ಥಳನಾಮಗಳಲ್ಲಿ ಕನ್ನಡ ವರ್ಣಮಾಲೆಯಿಂದ ಬಳಕೆ ತಪ್ಪಿದ ಎರಡು ಅಕ್ಷರಗಳ ಚರಿತ್ರೆ ಅಡಗಿದೆ. ‘ಕೆರೆ’ಯ ಪ್ರಾಚೀನ ರೂಪ ‘ಕೆಱೆ’, ‘ಹಳೆ’ಯದು ‘ಪೞೆ’. ಮೊದಲನೆಯದರಲ್ಲಿ ಱಕಾರವು ರಕಾರವಾಗಿದೆ. ಎರಡನೆಯದರಲ್ಲಿ ಪಕಾರವು ಹಕಾರವಾಗಿ, ೞಕಾರವು ಳಕಾರವಾಗಿದೆ. ದೋರಸಮುದ್ರದ ವೈಭವ ಅಳಿದ ಬಳಿಕ ಹಳೇಬೀಡೆಂಬ ಹೆಸರು ರೂಢಿಗೆ ಬಂದುದರಿಂದ, ಆ ವೇಳೆಗೆ ಇವೆರಡೂ ಬದಲಾವಣೆಗಳು ಆಡುಮಾತಿನಲ್ಲಿ ನೆಲೆಗೊಂಡಿದ್ದವೆಂದು ಊಹಿಸಬಹುದು.

ಈ ಅಕ್ಷರಗಳು ಒಂದು ಕಾಲಕ್ಕೆ ಅರ್ಥಭೇದಕಗಳಾಗಿದ್ದವು. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತು, 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಸು. ಕ್ರಿ.ಶ. 450ರ ಶಾಸನದಲ್ಲಿ ಬರುವ ‘ಬಾಳ್ಗೞ್ಚು’ ಎಂಬ ಪದ ಇಲ್ಲಿ ಗಮನಾರ್ಹ. ಕತ್ತಿ ತೊಳೆಯುವುದೆಂಬ ಅರ್ಥದ, ವೀರನಿಗೆ ಸಲ್ಲುವ ದತ್ತಿಯನ್ನು ಸೂಚಿಸುವ ಈ ಒಂದೇ ಸಮಾಸದಲ್ಲಿ ಳ, ೞ ಎರಡೂ ಬೇರೆಬೇರೆಯಾಗಿ ನಿಂತಿವೆ. ಅದೇ ಶಾಸನದ ‘ಮೂೞಿವಳ್ಳಿ’ ಎಂಬ ಊರ ಹೆಸರಿನಲ್ಲಿಯೂ ಹೀಗೆಯೇ ಇದೆ.

ಮುಂದೆ ೞಕಾರವು ಸ್ವರದ ಮುಂದೆ ಸಾಮಾನ್ಯವಾಗಿ ಳಕಾರವಾಯಿತು. ವ್ಯಂಜನದ ಮುಂದೆ ರೇಫೆಯಾಗಿ, ಕ್ರಮೇಣ ದ್ವಿತ್ವದಲ್ಲಿ ಲೀನವಾಯಿತು. ಗೞ್ದೆ – ಗರ್ದೆ – ಗದ್ದೆ, ಕೞ್ತೆ – ಕತ್ತೆ, ಎೞ್ಪತ್ತು – ಎಪ್ಪತ್ತು ಇದಕ್ಕೆ ನಿದರ್ಶನಗಳು. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ರಳ, ಕುಳ, ಕ್ಷಳಗಳೆಂದು ಭೇದ ತೋರಿಸಿ ೞಕಾರದ ಪದಗಳನ್ನು ಪಟ್ಟಿಮಾಡಬೇಕಾಯಿತು. ಕಿವಿಗೆ ಭೇದ ಕೇಳಿಸುತ್ತಿದ್ದರೆ ಪಟ್ಟಿಯ ಅಗತ್ಯ ಇಷ್ಟಾಗಿ ಇರುತ್ತಿರಲಿಲ್ಲ. ಱಕಾರವಾದರೋ ಬರಹದಲ್ಲಿ ಇನ್ನೂ ಕೆಲಕಾಲ ಉಳಿಯಿತು.

ಇಂಗ್ಲಿಷಿನ ‘ಥಾರ್ನ್’ ಅಕ್ಷರದೊಡನೆ ಇದನ್ನು ಹೋಲಿಸಬಹುದು. ಅಲ್ಲಿ ಅಕ್ಷರ ಹೋಯಿತು, ಧ್ವನಿ ಉಳಿದು ಎರಡು ಅಕ್ಷರಗಳ ಜೋಡಿಯಲ್ಲಿ ಬರೆಯಲ್ಪಡುತ್ತಿದೆ. ಕನ್ನಡದಲ್ಲಿ ಮೊದಲು ಧ್ವನಿ ಹೋಯಿತು, ಅಕ್ಷರ ಅದನ್ನು ಹಿಂಬಾಲಿಸಿತು. ಆದ್ದರಿಂದಲೇ ಧ್ವನಿ ಅಳಿದ ಮೇಲಿನ ಲಿಪಿಕಾರರು ಱ–ರ, ೞ–ಳಗಳನ್ನು ಅದಲುಬದಲು ಮಾಡಿದರು. ತೇದಿಯಿಲ್ಲದ ಶಾಸನದ ಕಾಲನಿರ್ಣಯಕ್ಕೆ ಈ ತಪ್ಪುಗಳೇ ಒಂದು ಪೂರಕ ಆಧಾರ.

ಇಂದು ಯೂನಿಕೋಡ್‌ನಲ್ಲಿ ಎರಡೂ ಅಕ್ಷರಗಳಿವೆ. ೞಕಾರಕ್ಕೆ ಅಲ್ಲಿ ಮೊದಲು ‘ಫ’ ಎಂಬ ತಪ್ಪು ಹೆಸರು ಬಿದ್ದು, ಹೆಸರನ್ನು ಬದಲಿಸಲಾಗದ ನಿಯಮವಿರುವುದರಿಂದ ತಿದ್ದುಪಡಿಯಾಗಿ ಉಪನಾಮವೊಂದನ್ನು ಸೇರಿಸಬೇಕಾಯಿತು. ಅಚ್ಚಿನ ಅನುಕೂಲಕ್ಕೆಂದು ಶಾಸನಪಾಠದ ಱ, ೞಗಳನ್ನು ರ, ಳಗಳಾಗಿಸುವ ಸಂಪಾದಕನಿಗೆ ಈಗ ತಾಂತ್ರಿಕ ನೆಪವಿಲ್ಲ. ಹಾಗೆಯೇ ಲಿಪಿಕಾರನು ರ ಎಂದು ಬರೆದಲ್ಲಿ ಱ ಎಂದು ತಿದ್ದುವುದೂ ಸಲ್ಲದು. ಶುದ್ಧರೂಪವನ್ನು ಟಿಪ್ಪಣಿಯಲ್ಲಿ ಕೊಟ್ಟು, ಕಲ್ಲಿನಲ್ಲಿದ್ದುದನ್ನು ಇದ್ದಂತೆಯೇ ಪಾಠದಲ್ಲಿ ಉಳಿಸುವುದು ಯುಕ್ತ.