ವಿದ್ಯಾರ್ಥಿಗಳ ಕೈಯಲ್ಲಿ ಸಾಹಸ ಬಂಡವಾಳ

ಬೆಂಗಳೂರಿನಿಂದ ಮೈಸೂರಿಗೆ ಹೊರಟವರಿಗೆ ಚನ್ನಪಟ್ಟಣವನ್ನು ದಾಟಿದ ಮೇಲೆ, ಮದ್ದೂರು ಸಿಕ್ಕುವ ಮುನ್ನ, ನಿಡಘಟ್ಟವೆಂಬ ಗ್ರಾಮವು ಎದುರಾಗುವುದು. ತೆಂಗು, ಕಬ್ಬು, ಹಿಪ್ಪುನೇರಳೆಗಳ ಸೀಮೆ ಇದು. ಇಲ್ಲಿಯ ರೈತನು ಬಂಡವಾಳದ ವಿಚಾರವನ್ನು ಅರಿಯದವನೇನಲ್ಲ. ಕಬ್ಬಿನ ನಾಟಿಗೆ ಸಹಕಾರ ಸಂಘದಿಂದ ಸಾಲ ತರುವನು. ಕಟಾವಾದ ಮೇಲೆ ತೀರಿಸುವನು. ಬೆಳೆ ಬರಲಿ, ಬಾರದಿರಲಿ, ಸಾಲವು ಸಾಲವೇ.

ಈ ಊರಿನಿಂದ ಎಂಜಿನಿಯರಿಂಗ್ ಕಾಲೇಜಿಗೆ ಹೋಗುವ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಮಣ್ಣಿನ ತೇವವನ್ನಳೆದು ಪಂಪುಸೆಟ್ಟನ್ನು ತಾನಾಗಿ ನಿಲ್ಲಿಸುವ ಸಲಕರಣೆಯೊಂದನ್ನು ಅವಳು ಮಾಡಿದ್ದಾಳೆ. ಅದನ್ನು ಮಾರುಕಟ್ಟೆಗೆ ತರಲು 5 ಲಕ್ಷ ರೂಪಾಯಿ ಬೇಕು. ಆದಾಯ ಬರಲು ಎರಡು ವರ್ಷವಾದರೂ ಬೇಕು. ಸಾಲದ ಕಂತಾದರೋ ಅಷ್ಟು ದಿನ ಕಾಯದು. ಅಡವಿಡಲು ಅವಳಲ್ಲಿ ಏನೂ ಇಲ್ಲ. ಇಂತಹ ಕಡೆಯಲ್ಲಿ ಸಾಲದ ಬದಲು, ಉದ್ಯಮದಲ್ಲಿ ಪಾಲು ಪಡೆದು ಹಣವನ್ನು ಹೂಡುವ ಕ್ರಮವುಂಟು. ಅದನ್ನೇ ಸಾಹಸ ಬಂಡವಾಳವೆನ್ನುವರು. ಉದ್ಯಮವು ಮುಳುಗಿದರೆ ಹೂಡಿದವನ ಹಣವೂ ಮುಳುಗುವುದು. ಬೆಳೆದರೆ ಅವನ ಪಾಲೂ ಬೆಳೆಯುವುದು.

ಈ ಕ್ರಮವು ವ್ಯವಸ್ಥಿತ ರೂಪವನ್ನು ತಾಳಿದುದರಲ್ಲಿ ಒಬ್ಬ ಅಧ್ಯಾಪಕನ ಪಾತ್ರವು ದೊಡ್ಡದು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಜಾರ್ಜ್ ಡೋರಿಯೋ ಎಂಬುವರು 1946ರಲ್ಲಿ ಕೆಲವರೊಡನೆ ಸೇರಿ ಹೂಡಿಕೆಯ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಇಬ್ಬರು ತರುಣ ಎಂಜಿನಿಯರುಗಳು ಆರಂಭಿಸಿದ ಡಿಜಿಟಲ್ ಎಕ್ವಿಪ್‌ಮೆಂಟ್ ಎಂಬ ಗಣಕಯಂತ್ರದ ಕಂಪನಿಗೆ ಆ ಸಂಸ್ಥೆಯು 1957ರಲ್ಲಿ 70,000 ಡಾಲರುಗಳನ್ನು ಕೊಟ್ಟಿತು. ಆ ಪಾಲಿನ ಬೆಲೆಯು ಕಾಲಕ್ರಮದಲ್ಲಿ 35 ಕೋಟಿ ಡಾಲರುಗಳನ್ನು ಮೀರಿತು. ಬೆಂಗಳೂರಿನಲ್ಲಿ ಇಂತಹ ಕೆಲಸಕ್ಕೆ ತೊಡಗಿದ ಮೊದಲಿಗರಲ್ಲಿ, 1988ರಲ್ಲಿ ಐಸಿಐಸಿಐ ಮತ್ತು ಯೂನಿಟ್ ಟ್ರಸ್ಟುಗಳು ಕೂಡಿ ಸ್ಥಾಪಿಸಿದ ಟಿಡಿಐಸಿಐ ಎಂಬ ಕಂಪನಿಯೂ ಒಂದು.

ಹೂಡಿಕೆಯ ನಿರ್ಣಯವನ್ನು ವಿದ್ಯಾರ್ಥಿಗಳೇ ಮಾಡುವ ನಿಧಿಗಳು ಈಚಿನವು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 2012ರಲ್ಲಿ ಆರಂಭವಾದ ‘ಡಾರ್ಮ್ ರೂಮ್ ಫಂಡ್’ ಇವುಗಳಲ್ಲಿ ಹೆಸರುವಾಸಿಯಾದುದು. ಹಣವು ಒಂದು ಹೂಡಿಕೆ ಸಂಸ್ಥೆಯದು, ಆರಿಸುವವರು ವಿದ್ಯಾರ್ಥಿಗಳು. ಸಹಪಾಠಿಗಳ ನವೋದ್ಯಮಗಳಿಗೆ ಸುಮಾರು 20,000 ಡಾಲರುಗಳಂತೆ ಕೊಡುವುದು ಅದರ ಆರಂಭದ ಪದ್ಧತಿಯಾಗಿತ್ತು.

ಇದರ ಗಣಿತವನ್ನು ಸ್ವಲ್ಪ ನೋಡೋಣ. ಒಂದು ನಿಧಿಯಲ್ಲಿ 50 ಲಕ್ಷ ರೂಪಾಯಿ ಇರಲಿ. ಹತ್ತು ಕಂಪನಿಗಳಿಗೆ ತಲಾ 5 ಲಕ್ಷ ಹಂಚಲಿ. ಎಂಟು ವರ್ಷಗಳಲ್ಲಿ ಆರು ಕಂಪನಿಗಳು ಮುಚ್ಚಿಹೋದುವೆಂದೂ, ಮೂರರಿಂದ ಹಾಕಿದಷ್ಟೇ ಹಣ, ಎಂದರೆ 15 ಲಕ್ಷ, ಬಂದಿತೆಂದೂ, ಉಳಿದ ಒಂದರಿಂದ ಹನ್ನೆರಡರಷ್ಟು, ಎಂದರೆ 60 ಲಕ್ಷ, ಬಂದಿತೆಂದೂ ಇಟ್ಟುಕೊಳ್ಳೋಣ. ಒಟ್ಟು 75 ಲಕ್ಷ. ಲಾಭವು 25 ಲಕ್ಷವೆಂದು ಹಿಗ್ಗುವ ಮುನ್ನ ಚಕ್ರಬಡ್ಡಿಯ ಲೆಕ್ಕ ಹಾಕಿನೋಡಿದರೆ ಅದು ವರ್ಷಕ್ಕೆ ಶೇಕಡಾ 5.2 ಮಾತ್ರ! ಇಷ್ಟು ಅಪಾಯಕ್ಕೆ ಇದು ತಕ್ಕ ಪ್ರತಿಫಲವಲ್ಲ. ಆ ಒಂದೇ ಕಂಪನಿಯು ಇಪ್ಪತ್ತರಷ್ಟು ಕೊಟ್ಟಿದ್ದರೆ ಒಟ್ಟು 115 ಲಕ್ಷವಾಗಿ, ವರ್ಷಕ್ಕೆ ಸುಮಾರು ಶೇಕಡಾ 11 ಆಗುತ್ತಿತ್ತು. ಅದೊಂದನ್ನು ಬಿಟ್ಟು ಉಳಿದ ಒಂಬತ್ತನ್ನು ಮಾತ್ರ ಆರಿಸಿದ್ದರೆ 45 ಲಕ್ಷಕ್ಕೆ ಮರಳಿ ಬರುತ್ತಿದ್ದುದು 15 ಲಕ್ಷ. ಹತ್ತರಲ್ಲಿ ಒಂದರ ಮೇಲೆ ಇಡೀ ನಿಧಿಯು ನಿಂತಿರುವುದೆಂದು ಇದರಿಂದ ಸ್ಪಷ್ಟವಾಗುವುದು. ಆ ಒಂದು ಯಾವುದೆಂಬುದು ಮೊದಲ ದಿನ ಯಾರಿಗೂ ತಿಳಿಯದು.

ಹಾಗಾದರೆ ವಿದ್ಯಾರ್ಥಿಗಳು ಕಲಿಯುವುದೇನು? ಭವಿಷ್ಯ ಹೇಳುವುದನ್ನಲ್ಲ, ಸರಿಯಾದ ಪ್ರಶ್ನೆ ಕೇಳುವುದನ್ನು. ನಮ್ಮ ವಿದ್ಯಾರ್ಥಿನಿಯ ಸಲಕರಣೆಯನ್ನೇ ತೆಗೆದುಕೊಳ್ಳೋಣ. ಇದನ್ನು ಎಷ್ಟು ಮಂದಿ ರೈತರು ದುಡ್ಡು ಕೊಟ್ಟು ಕೊಂಡರು? ಮೆಚ್ಚಿಕೊಂಡವರೆಷ್ಟು ಎಂಬುದು ಬೇರೆ ಮಾತು. ವಿದ್ಯುತ್ತು ರಾತ್ರಿಯ ಹೊತ್ತಿನಲ್ಲಿ ಬಂದರೆ ಇದು ಕೆಲಸ ಮಾಡುವುದೆ? ಕೆಟ್ಟರೆ ಹಳ್ಳಿಯಲ್ಲಿ ರಿಪೇರಿ ಮಾಡುವವರಾರು? ಉತ್ತರವನ್ನು ಹುಡುಕಲು ಗದ್ದೆಯ ಬದುವಿಗೇ ಹೋಗಬೇಕಾಗುವುದು.

ಎರಡನೆಯ ಪಾಠವು ಇನ್ನೂ ಕಠಿಣವಾದುದು. ಅರ್ಜಿ ಹಾಕಿದವನು ಹಾಸ್ಟೆಲಿನಲ್ಲಿ ಒಂದೇ ಕೋಣೆಯ ಗೆಳೆಯನಾಗಿರಬಹುದು. ಆಗ ಮತ ಕೊಡದೆ ಸಭೆಯಿಂದ ಹೊರಗೆ ನಿಲ್ಲುವುದೇ ಧರ್ಮ. ಬೇಡವೆಂದು ತೀರ್ಮಾನವಾದರೆ ಅದನ್ನು ಕಾರಣಸಹಿತ ಮುಖತಃ ಹೇಳಬೇಕು. ದಾಕ್ಷಿಣ್ಯಕ್ಕೆ ಕೊಟ್ಟ ಹಣವು ಕೊಡುವವನ ಹಣವಲ್ಲ. ಪರರು ನಂಬಿ ಒಪ್ಪಿಸಿದುದು.

ಈ ನಂಬಿಕೆಯನ್ನು ಕಾಯಲೆಂದೇ ಕಾನೂನುಗಳಿರುವುವು. 1872ರ ಕರಾರು ಕಾಯಿದೆಯಂತೆ ಹದಿನೆಂಟು ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಸಾಹಸ ಬಂಡವಾಳ ನಿಧಿಗಳು ಸೆಬಿಯ 2012ರ ನಿಯಮಗಳಂತೆ ನೋಂದಣಿಯಾಗಬೇಕು. ಊರಿನವರಿಂದ ಚೀಟಿಯಂತೆ ಹಣ ಸಂಗ್ರಹಿಸಿ ಹೂಡಹೊರಡುವುದು ಅಪಾಯದ ದಾರಿ. ನಿಯಂತ್ರಣವಿಲ್ಲದ ಠೇವಣಿ ಯೋಜನೆಗಳನ್ನು 2019ರ ಕಾಯಿದೆಯು ನಿಷೇಧಿಸಿದೆ. ಆದುದರಿಂದ ಹಣವು ನೋಂದಾಯಿತ ಸಂಸ್ಥೆಯದಾಗಿ, ಪರಿಶೀಲನೆಯು ವಿದ್ಯಾರ್ಥಿಗಳದಾಗಿ ಇರುವುದೇ ಕ್ಷೇಮ. ಉದ್ಯಮ ಕಟ್ಟುವವರಿಗಾದರೆ ಬೇರೆ ದಾರಿಗಳೂ ಉಂಟು: ಬೆಂಗಳೂರಿನ ಐಐಎಂನಲ್ಲಿ 2000ದಿಂದ ನವೋದ್ಯಮಗಳ ಪೋಷಣಕೇಂದ್ರವಿದೆ, ಕರ್ನಾಟಕ ಸರಕಾರದ 2015ರ ನವೋದ್ಯಮ ನೀತಿಯು ರಾಜಧಾನಿಯ ಹೊರಗಿನ ಕಾಲೇಜುಗಳಲ್ಲಿಯೂ ಇಂತಹ ಕೇಂದ್ರಗಳಿಗೆ ಅವಕಾಶ ಮಾಡಿತು.

ಹಣವಿಲ್ಲದೆಯೇ ಮಾಡಬಹುದಾದ ಅಭ್ಯಾಸವೊಂದನ್ನು ವಾಚಕರಿಗೆ ಸೂಚಿಸುತ್ತೇವೆ. ನಾಲ್ವರು ಗೆಳೆಯರು ಕೂಡಿ, ನಿಮ್ಮ ತಾಲ್ಲೂಕಿನಲ್ಲಿ ಹೊಸದಾಗಿ ಆರಂಭವಾದ ಹತ್ತು ಉದ್ಯಮಗಳನ್ನು ಗುರುತಿಸಿರಿ. ಪ್ರತಿಯೊಂದಕ್ಕೂ ಬಂಡವಾಳ ಕೊಡುವಿರೋ ಇಲ್ಲವೋ, ಏಕೆ, ಎಂಬುದನ್ನು ತಾರೀಖಿನೊಡನೆ ನೋಟುಬುಕ್ಕಿನಲ್ಲಿ ಬರೆದಿಡಿರಿ. ಮೂರು ವರ್ಷಗಳ ಮೇಲೆ ಅದನ್ನು ತೆರೆದು, ಬರೆದುದನ್ನು ತಿದ್ದದೆ ಓದಿರಿ. ನಿಮ್ಮ ಊಹೆಗಳಲ್ಲಿ ಯಾವುವು ತಪ್ಪಾದುವು, ಏಕೆ ತಪ್ಪಾದುವು ಎಂಬುದನ್ನು ಆ ಪುಟಗಳೇ ಹೇಳುವುವು.