ಯಾರ ತಪ್ಪು, ಎಷ್ಟು ತಪ್ಪು?

ಮೋಟಾರು ಸೈಕಲ್ಲಿನಲ್ಲಿ ಮೂರನೆಯವರಾಗಿ ಏರಿ ಶಾಲೆಗೆ ಬರುವ ಹುಡುಗರನ್ನು ನಾನು ಗದರುವುದುಂಟು. ಅವರಲ್ಲೊಬ್ಬ ಕೇಳಿದ: “ಸಾರ್, ಹೀಗೆ ಹೋಗುವಾಗ ಬೇರೆ ವಾಹನ ಬಡಿದರೆ ಪರಿಹಾರ ಸಿಗುವುದಿಲ್ಲವೇ?”

ಒಳ್ಳೆಯ ಪ್ರಶ್ನೆ. ಹಿಂದೆ ಇಂಗ್ಲೆಂಡಿನಲ್ಲಿ ಇದಕ್ಕೆ ಉತ್ತರ ಕಠೋರವಾಗಿತ್ತು. ರಸ್ತೆಗೆ ಅಡ್ಡವಾಗಿಟ್ಟ ಕಂಬಕ್ಕೆ ತಾಗಿ ಬಿದ್ದ ಸವಾರನಿಗೆ, ಕುದುರೆಯನ್ನು ವಿಪರೀತ ವೇಗದಿಂದ ಓಡಿಸಿದನೆಂಬ ಕಾರಣಕ್ಕೆ 1809ರಲ್ಲಿ ಕಾಸೂ ದೊರೆಯಲಿಲ್ಲ. 1842ರಲ್ಲಿ ಒಂದು ಕತ್ತೆ ಈ ನಿಯಮವನ್ನು ಸಡಿಲಿಸಿತು! ಮುಂಗಾಲು ಕಟ್ಟಿ ರಸ್ತೆಯಲ್ಲಿ ಬಿಟ್ಟಿದ್ದ ಆ ಬಡಪ್ರಾಣಿ ಬಂಡಿಗೆ ಸಿಕ್ಕಿ ಸತ್ತಿತು. ಹಾಗೆ ಬಿಟ್ಟದ್ದು ಯಜಮಾನನ ತಪ್ಪೆಂದೇ ಇಟ್ಟುಕೊಂಡರೂ, ಬಂಡಿಯವನು ಎಚ್ಚರದಿಂದಿದ್ದರೆ ಅಪಘಾತ ತಪ್ಪುತ್ತಿತ್ತೆಂದು ನ್ಯಾಯಾಲಯ ಪರಿಹಾರ ಕೊಡಿಸಿತು.

ಈಗ ನಮ್ಮ ದೇಶದಲ್ಲಿ ಗಾಯಾಳುವಿನ ತಪ್ಪೂ ಅಪಘಾತಕ್ಕೆ ಕಾರಣವಾಗಿದ್ದರೆ ಆ ಪಾಲಿನಷ್ಟು ಪರಿಹಾರವನ್ನು ಕಳೆಯುತ್ತಾರೆ. ‘ಕಾರಣ’ ಎಂಬ ಪದವನ್ನು ಗಮನಿಸಿರಿ. ದಿಲ್ಲಿಯಲ್ಲಿ ಮೂವರಿದ್ದ ಮೋಟಾರು ಸೈಕಲ್ಲಿಗೆ ಹಿಂದಿನಿಂದ ಕಾರು ಬಡಿದು ಯುವಕನೊಬ್ಬ ತೀರಿಕೊಂಡ. ಹೈಕೋರ್ಟು ಪರಿಹಾರದಲ್ಲಿ ಶೇಕಡಾ 10 ಕಳೆದಿತ್ತು. ಸುಪ್ರೀಂ ಕೋರ್ಟು 2020ರಲ್ಲಿ ಅದನ್ನು ತಳ್ಳಿಹಾಕಿತು. ಮೂವರು ಕುಳಿತದ್ದು ಕಾನೂನಿಗೆ ವಿರುದ್ಧ, ನಿಜ. ಆದರೆ ಅಪಘಾತಕ್ಕೋ ಪೆಟ್ಟು ಹೆಚ್ಚಾದುದಕ್ಕೋ ಅದೇ ಕಾರಣವೆಂದು ತೋರಿಸದೆ ಕಡಿತ ಸಲ್ಲದು.

ಹುಡುಗ ಗೆದ್ದವನಂತೆ ನಕ್ಕ. ಮೂವರ ಸವಾರಿಗೆ ದಂಡ ಬೇರೆಯೇ ಇದೆಯೆಂದು ಅವನಿಗೆ ಹೇಳಿದ್ದೇನೆ.